ಕಣ್ಣು ಸರಿಯಿದೆ, ಆದರೂ ಕಾಣಲ್ಲ: ಸೋಮಾರಿ ಕಣ್ಣಿನ ಮಕ್ಕಳ ಜೊತೆ ನನ್ನ ಅನುಭವ

ನಾನು ಆಪ್ಟೊಮೆಟ್ರಿಸ್ಟ್. ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ್ ನೋಡುವ ಮೊದಲು ದೃಷ್ಟಿ ಪರೀಕ್ಷೆ ಮಾಡಿ, ಕನ್ನಡಕದ ಪವರ್ ತೆಗೆಯುವುದು ನನ್ನ ಕೆಲಸ. ಇರುವುದು ದಾವಣಗೆರೆ ಕಡೆಯ ಒಂದು ಸಣ್ಣ ಊರಿನಲ್ಲಿ. ಇಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ, ಜಾಸ್ತಿ ತಾಳ್ಮೆ ಬೇಡುವ ಕೆಲಸವೂ ಹೌದು, ಮಕ್ಕಳ ಸೋಮಾರಿ ಕಣ್ಣಿನದು. ಡಾಕ್ಟರುಗಳು ಇದನ್ನು ಆಂಬ್ಲಿಯೋಪಿಯಾ ಅನ್ನುತ್ತಾರೆ.

ಒಬ್ಬ ಹುಡುಗಿಯ ವಿಷಯವನ್ನೇ ಹೇಳುತ್ತೇನೆ. ಆರು ವರ್ಷ. ಶಾಲೆಯ ತಪಾಸಣೆಯಲ್ಲಿ ಎಡಗಣ್ಣು ಮಂದ ಎಂದು ಬರೆದು ಕಳಿಸಿದ್ದರು. ಮನೆಯವರಿಗೆ ನಂಬಿಕೆಯೇ ಇಲ್ಲ. "ಮೊಬೈಲ್ ನೋಡ್ತಾಳೆ, ಹೂ ಕಟ್ತಾಳೆ, ಮೇಡಂ. ಇವಳಿಗೆಂಥ ಕಣ್ಣಿನ ತೊಂದರೆ?" ಅಂದರು ಅಜ್ಜಿ. ಅವರ ಮಾತು ಸಹಜವೇ. ಮೆಳ್ಳಗಣ್ಣು ಇದ್ದರೆ ಎದುರಿಗಿದ್ದವರಿಗೆ ಗೊತ್ತಾಗುತ್ತದೆ. ಇವಳ ಎರಡೂ ಕಣ್ಣು ನೇರವಾಗಿದ್ದವು. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಎಲ್ಲ ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಕಾಣುತ್ತಿಲ್ಲ ಅನ್ನುವುದು ಮಗುವಿಗೇ ಗೊತ್ತಿರುವುದಿಲ್ಲ.

ಬಲಗಣ್ಣು 6/6, ಅಂದರೆ ಸರಿಯಾದ ದೃಷ್ಟಿ. ಎಡಗಣ್ಣು 6/36, ಅಂದರೆ ಸರಿಯಾದ ಕಣ್ಣಿಗೆ 36 ಮೀಟರಿನಿಂದ ಕಾಣುವ ಅಕ್ಷರ ಇದಕ್ಕೆ 6 ಮೀಟರಿಗೆ ಬಂದರೆ ಮಾತ್ರ ಕಾಣುತ್ತದೆ. ಮಕ್ಕಳ ಕಣ್ಣು ತುಂಬಾ ಜೋರಾಗಿ ಫೋಕಸ್ ಮಾಡುವುದರಿಂದ ನಿಜವಾದ ಪವರ್ ಅಡಗಿರುತ್ತದೆ. ಹಾಗಾಗಿ ಫೋಕಸ್ ಸಡಿಲಿಸುವ ಡ್ರಾಪ್ಸ್ ಹಾಕಿ ಕೂರಿಸಿ, ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು ಪವರ್ ಅಳೆಯುವ ರೆಟಿನೋಸ್ಕೋಪಿನಲ್ಲಿ ನೋಡಿದೆ. ಬಲಕ್ಕೆ ಪ್ಲಸ್ 1, ಎಡಕ್ಕೆ ಪ್ಲಸ್ 5. ಪ್ಲಸ್ ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣಲು ಆ ಕಣ್ಣು ಹೆಚ್ಚು ಫೋಕಸ್ ಮಾಡಬೇಕು. ಸರಿಯಾದ ಲೆನ್ಸ್ ಹಾಕಿದರೂ ಎಡಗಣ್ಣು 6/24ಕ್ಕಿಂತ ಮೇಲೆ ಬರಲಿಲ್ಲ. ಡಾಕ್ಟರ್ ಒಳಗೆಲ್ಲ ನೋಡಿದರು. ರೆಟಿನಾ (ಕಣ್ಣಿನ ಹಿಂಭಾಗದ, ಬೆಳಕು ಹಿಡಿಯುವ ಪರದೆ) ಚೆನ್ನಾಗಿದೆ, ನರ ಚೆನ್ನಾಗಿದೆ. ಹಾಗಾದರೆ ಕಾಣದೇ ಇರುವುದು ಯಾಕೆ?

ನಮ್ಮ ಎರಡು ಕಣ್ಣುಗಳು ಫೋಕಸ್ ಮಾಡುವುದು ಒಟ್ಟಿಗೆ. ಒಂದಕ್ಕೆ ಇಷ್ಟು, ಇನ್ನೊಂದಕ್ಕೆ ಅಷ್ಟು ಅಂತ ಬೇರೆ ಬೇರೆ ಮಾಡಲು ಆಗುವುದಿಲ್ಲ. ಮಿದುಳು ಸುಲಭದ ಕಣ್ಣಿಗೆ ಬೇಕಾದಷ್ಟೇ ಫೋಕಸ್ ಮಾಡುತ್ತದೆ. ಪ್ಲಸ್ 5 ಇರುವ ಕಣ್ಣಿಗೆ ಹುಟ್ಟಿದಾಗಿನಿಂದ ಮಸುಕು ಚಿತ್ರವೇ ಗತಿ. ಒಂದು ಚಿತ್ರ ಸ್ಪಷ್ಟ, ಇನ್ನೊಂದು ಮಸುಕು. ಎರಡನ್ನೂ ಸೇರಿಸಲು ಆಗದೆ ಮಿದುಳು ಮಸುಕನ್ನು ಬದಿಗೆ ಸರಿಸಿಬಿಡುತ್ತದೆ.

ಇದನ್ನು ಬಿಡಿಸಿ ತೋರಿಸಿದವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬ ವಿಜ್ಞಾನಿಗಳು. 1960ರ ದಶಕದಲ್ಲಿ ಅಮೆರಿಕದಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ಕಾಲ ಮುಚ್ಚಿಟ್ಟರು. ತೆರೆದ ಮೇಲೆ ಆ ಕಣ್ಣು ಆರೋಗ್ಯವಾಗಿಯೇ ಇತ್ತು. ಆದರೆ ತಲೆಯ ಹಿಂಭಾಗದಲ್ಲಿ, ಮಿದುಳಿನ ದೃಷ್ಟಿಭಾಗದ ಕೋಶಗಳು ಆ ಕಣ್ಣಿಗೆ ಹೆಚ್ಚುಕಡಿಮೆ ಸ್ಪಂದಿಸುವುದನ್ನೇ ಬಿಟ್ಟಿದ್ದವು. ತೆರೆದಿದ್ದ ಕಣ್ಣು ಆ ಜಾಗವನ್ನೂ ಹಿಡಿದುಕೊಂಡಿತ್ತು. ಬೆಳೆದ ಬೆಕ್ಕುಗಳಲ್ಲಿ ಹೀಗೆ ಮಾಡಿದರೆ ಏನೂ ಆಗಲಿಲ್ಲ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಚಿಕ್ಕ ವಯಸ್ಸಿಗೆ ನಾವು ಇಷ್ಟು ಒತ್ತು ಕೊಡುವುದು ಇದೇ ಕಾರಣಕ್ಕೆ.

ಚಿಕಿತ್ಸೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಒಳ್ಳೆಯ ಕಣ್ಣನ್ನು ಪಟ್ಟಿಯಿಂದ ಮುಚ್ಚಿ, ಮಿದುಳು ಸೋಮಾರಿ ಕಣ್ಣನ್ನೇ ಬಳಸುವಂತೆ ಮಾಡುತ್ತೇವೆ. ಇಷ್ಟನ್ನು ಮನೆಯವರಿಗೆ ಒಪ್ಪಿಸುವುದು ಸುಲಭವಲ್ಲ. "ಕಣ್ಣು ಚೆನ್ನಾಗಿದೆ ಅಂತೀರಿ, ಮತ್ತೆ ಚೆನ್ನಾಗಿರೋ ಕಣ್ಣಿಗೇ ಪಟ್ಟಿ ಹಾಕಿ ಅಂತೀರಿ" ಎಂದರು ಅಪ್ಪ. ಇಂಥ ಹೊತ್ತಿನಲ್ಲಿ ನಾನು ಒಂದು ಹಾಳೆ ತೆಗೆಯುತ್ತೇನೆ. ಎಡಗಡೆ ಒಂದು ಪ್ಲಸ್ ಗುರುತು, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಪ್ಲಸ್ ಅನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತರಬೇಕು. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯ. ನೀವೂ ಮಾಡಿ ನೋಡಿ. ನರ ಹೊರಗೆ ಹೋಗುವ ಜಾಗದಲ್ಲಿ ರೆಟಿನಾಗೆ ಬೆಳಕು ಹಿಡಿಯುವ ಕೋಶಗಳಿಲ್ಲ. 1660ರ ದಶಕದಲ್ಲೇ ಫ್ರಾನ್ಸಿನ ಎಡ್ಮೆ ಮಾರಿಯಟ್ ಈ ಕುರುಡು ಚುಕ್ಕೆಯನ್ನು ಕಂಡುಹಿಡಿದಿದ್ದ. ನನಗೆ ಮುಖ್ಯವಾದದ್ದು ಮುಂದಿನ ಪ್ರಶ್ನೆ: "ಚುಕ್ಕೆ ಹೋದ ಜಾಗದಲ್ಲಿ ಏನು ಕಂಡಿತು?" ತೂತು ಕಾಣಲಿಲ್ಲ, ಕತ್ತಲೂ ಕಾಣಲಿಲ್ಲ. ಬಿಳಿ ಹಾಳೆ ಕಂಡಿತು. ಅಲ್ಲಿಗೆ ಬಿಳಿ ತುಂಬಿದ್ದು ಮಿದುಳು. ಆ ಅಪ್ಪ ಹಾಳೆಯನ್ನು ಹಿಂದೆ ಮುಂದೆ ಮಾಡಿ ನೋಡಿದರು. ಆಮೇಲೆ ಪಟ್ಟಿಯ ಬಗ್ಗೆ ಕಿವಿಗೊಟ್ಟು ಕೇಳಿದರು.

ಆದರೆ ಪಟ್ಟಿ ಮೊದಲ ಹೆಜ್ಜೆ ಅಲ್ಲ. ಮೊದಲು ಕನ್ನಡಕ, ಎಚ್ಚರವಿರುವಷ್ಟು ಹೊತ್ತೂ. ಸ್ಪಷ್ಟ ಚಿತ್ರ ಸಿಕ್ಕ ಮಾತ್ರಕ್ಕೇ ಕೆಲವು ಮಕ್ಕಳ ದೃಷ್ಟಿ ಏರುತ್ತದೆ. ಏರುವುದು ನಿಂತ ಮೇಲೆ ಪಟ್ಟಿ. ಎಷ್ಟು ಹೊತ್ತು? 2003ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ಏಳು ವರ್ಷದೊಳಗಿನ ಮಕ್ಕಳಲ್ಲಿ ತೊಂದರೆ ಮಧ್ಯಮ ಮಟ್ಟದ್ದಾದರೆ, ದಿನಕ್ಕೆ 2 ಗಂಟೆ ಹಾಕಿದವರಿಗೂ 6 ಗಂಟೆ ಹಾಕಿದವರಿಗೂ ಒಂದೇ ರೀತಿ ಲಾಭ. ಮನೆಯವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಗೊತ್ತಾ! ಶಾಲೆಯಲ್ಲಿ ಪಟ್ಟಿ ಹಾಕಿಕೊಂಡು ಕೂರಬೇಕಿಲ್ಲ. ಸಂಜೆ ಮನೆಯಲ್ಲೇ ಮುಗಿಯುತ್ತದೆ.

ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ ಎನ್ನುತ್ತೇನೆ. ಕನ್ನಡಕದ ಗಾಜಿಗೆ ಅಂಟಿಸಿದರೆ ಮಕ್ಕಳು ಪಕ್ಕದಿಂದ ಇಣುಕುತ್ತಾರೆ. ಬೇಸಿಗೆಯಲ್ಲಿ ಬೆವರಿಗೆ ಚರ್ಮ ಕೆಂಪಾಗುತ್ತದೆ, ಆಗ ಡಾಕ್ಟರ್ ಒಳ್ಳೆಯ ಕಣ್ಣನ್ನು ಮಸುಕು ಮಾಡುವ ಅಟ್ರೋಪಿನ್ ಡ್ರಾಪ್ಸ್ ಯೋಚಿಸುತ್ತಾರೆ. ಪಟ್ಟಿ ಹಾಕಿದ ಹೊತ್ತಿನಲ್ಲಿ ಅಕ್ಕಿ ಆರಿಸುವುದು, ಚೌಕಾಬಾರ, ರಂಗೋಲಿ ಚುಕ್ಕಿ ಸೇರಿಸುವುದು, ಇಂಥದ್ದೇನಾದರೂ ಮಾಡಿಸಿ ಎನ್ನುತ್ತೇನೆ. ಹತ್ತಿರದ ಕೆಲಸದಿಂದಲೇ ದೃಷ್ಟಿ ಬೇಗ ಬರುತ್ತದೆ ಎಂದೇನೂ ಸಾಬೀತಾಗಿಲ್ಲ. ಸುಮ್ನೆ ಕೂತರೆ ಮಗು ಪಟ್ಟಿ ಕೀಳುತ್ತದೆ, ಕೈಗೆ ಕೆಲಸವಿದ್ದರೆ ಮರೆಯುತ್ತದೆ. ನನಗೆ ಅಷ್ಟು ಸಾಕು.

ಪರೀಕ್ಷೆಯಲ್ಲಿ ಪ್ರತಿ ಸಲ ನಾನು ಗಮನಿಸುವ ಒಂದು ವಿಷಯವಿದೆ. ಸೋಮಾರಿ ಕಣ್ಣಿಗೆ ಒಂಟಿ ಅಕ್ಷರ ತೋರಿಸಿದರೆ ಓದುತ್ತದೆ. ಅದೇ ಅಳತೆಯ ಅಕ್ಷರ ಸಾಲಿನ ನಡುವೆ ಇದ್ದರೆ ತಡವರಿಸುತ್ತದೆ. ಅಕ್ಕಪಕ್ಕದ ಅಕ್ಷರಗಳಿಂದ ಅದನ್ನು ಬೇರೆ ಮಾಡಿಕೊಳ್ಳಲು ಮಿದುಳಿಗೆ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಒಂಟಿ ಅಕ್ಷರ ತೋರಿಸಿ "ಗುಣವಾಯಿತು" ಅನ್ನಬಾರದು. ನಾನು ಯಾವಾಗಲೂ ಇಡೀ ಸಾಲನ್ನೇ ಓದಿಸುತ್ತೇನೆ. ಪಟ್ಟಿಯೊಳಗಿದ್ದ ಒಳ್ಳೆಯ ಕಣ್ಣಿನ ದೃಷ್ಟಿ ಇಳಿದಿಲ್ಲ ತಾನೇ ಎಂದೂ ನೋಡುತ್ತೇನೆ. ಚಿಕ್ಕ ಮಕ್ಕಳಲ್ಲಿ ಹಾಗಾಗುವ ಸಾಧ್ಯತೆ ಇದೆ, ಅದಕ್ಕೇ ಹೇಳಿದ ದಿನ ತಪ್ಪದೆ ಬರಬೇಕು.

ಆ ಹುಡುಗಿಯ ಎಡಗಣ್ಣು ಸಾಲು ಸಾಲಾಗಿ ಇಳಿದು ಓದತೊಡಗಿತು. 6/9 ಬಂದ ಮೇಲೆ ನೊಣದ ಚಿತ್ರದ ಪರೀಕ್ಷೆ ಮಾಡಿದೆ. ವಿಶೇಷ ಕನ್ನಡಕ ಹಾಕಿ ನೋಡಿದರೆ, ಎರಡೂ ಕಣ್ಣು ಒಟ್ಟಿಗೆ ಕೆಲಸ ಮಾಡುವವರಿಗೆ ನೊಣದ ರೆಕ್ಕೆ ಹಾಳೆಯಿಂದ ಮೇಲೆ ಎದ್ದಂತೆ ಕಾಣುತ್ತದೆ. "ರೆಕ್ಕೆ ಹಿಡಿ ಪುಟ್ಟಿ" ಅಂದೆ. ಮೊದಲ ಸಲ ಬಂದಾಗ ಅವಳು ಬೆರಳನ್ನು ಹಾಳೆಗೇ ಒತ್ತಿದ್ದಳು. ಈಗ ಗಾಳಿಯಲ್ಲಿ ಚಿವುಟಲು ಹೋಗಿ ಕೈ ಹಿಂದೆ ಎಳೆದುಕೊಂಡಳು. ಎರಡು ಕಣ್ಣಿನ ಎರಡು ಚಿತ್ರಗಳಿಂದ ಮಿದುಳು ಆಳವನ್ನು ಅಳೆಯತೊಡಗಿತ್ತು. ಅವಳಮ್ಮನಿಗಿಂತ ನನಗೇ ಜಾಸ್ತಿ ಖುಷಿಯಾಯಿತೇನೋ.

ಇಲ್ಲಿಗೆ ಪಟ್ಟಿಯನ್ನು ಒಮ್ಮೆಲೇ ಬಿಡುವಂತಿಲ್ಲ. ಬಿಟ್ಟ ಮೇಲೆ ಕೆಲವು ಮಕ್ಕಳ ದೃಷ್ಟಿ ಮತ್ತೆ ಇಳಿಯುತ್ತದೆ. ಅದಕ್ಕೆ ಹೊತ್ತನ್ನು ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿದೆವು. ಕನ್ನಡಕ ಹಾಗೇ ಮುಂದುವರಿದಿದೆ. ತಡವಾಗಿ ಬಂದವರನ್ನೂ ನಾವು ವಾಪಸ್ ಕಳಿಸುವುದಿಲ್ಲ. ಹತ್ತು, ಹನ್ನೆರಡು ವರ್ಷದ ಮಕ್ಕಳಲ್ಲೂ ಸುಧಾರಣೆ ಕಾಣುತ್ತದೆ, ಆದರೆ ಚಿಕ್ಕವರಲ್ಲಿ ಬಂದಷ್ಟು ಸುಲಭವಾಗಿ ಬರುವುದಿಲ್ಲ. ಇದು ಮನೆತನದಲ್ಲಿ ಬರಬಹುದಾದ ತೊಂದರೆ. ಹಾಗಾಗಿ ಅವಳ ಮೂರು ವರ್ಷದ ತಮ್ಮನನ್ನೂ ಕರೆಸಿ, ಒಂದೊಂದೇ ಕಣ್ಣು ಮುಚ್ಚಿ ಚಿತ್ರದ ಚಾರ್ಟ್ ತೋರಿಸಿದೆ. ಅವನಿಗೂ ಒಂದು ಕಣ್ಣಿನಲ್ಲಿ ಪವರ್ ಜಾಸ್ತಿ ಇತ್ತು. ಬೇಗ ಸಿಕ್ಕಿದ್ದರಿಂದ ಕನ್ನಡಕವಷ್ಟೇ ಸಾಕಾಯಿತು.