ಗಂಡಸರ ಹಾರ್ಮೋನ್ ಗರ್ಭನಿರೋಧಕ: ವೀರ್ಯಾಣು ಎಣಿಕೆ ಇಳಿಯುವವರೆಗೆ ಕಾಂಡೋಮ್ ಬಿಡಬೇಡಿ

ಇಂಥ ಔಷಧಿ ಯಾವುದೂ ಇನ್ನೂ ಅಂಗಡಿಗೆ ಬಂದಿಲ್ಲ. ಇಲ್ಲಿರುವುದು ವೈದ್ಯರ ನಿಗಾದಲ್ಲಿ ಪ್ರಯೋಗಗಳಲ್ಲಿ ನಡೆಯುವ ಕ್ರಮ. ಜಿಮ್‌ನಲ್ಲಿ ಸಿಗುವ ಟೆಸ್ಟೋಸ್ಟೆರಾನ್ ಚುಚ್ಚಿಕೊಂಡು ಇದನ್ನು ಮನೆಯಲ್ಲೇ ಮಾಡಹೋಗಬೇಡಿ.

ಹೊರಗಿನಿಂದ ಹಾರ್ಮೋನ್ ಬಂದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ವೃಷಣವನ್ನು ನಡೆಸುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಸ್ರವಿಸುವುದನ್ನು ನಿಲ್ಲಿಸುತ್ತದೆ. ವೃಷಣದೊಳಗಿನ ಟೆಸ್ಟೋಸ್ಟೆರಾನ್ ಕುಸಿದು ವೀರ್ಯಾಣು ತಯಾರಿ ನಿಲ್ಲುತ್ತದೆ. ಹೀಗೆ ಅಡಗಿಸುವ ಕೆಲಸ ಬೇಗ ಆಗಲೆಂದು ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನ್‌ನಂತೆ ಕೆಲಸ ಮಾಡುವ ಕೃತಕ ಹಾರ್ಮೋನ್) ಸೇರಿಸುತ್ತಾರೆ. ಕಾಮಾಸಕ್ತಿ, ಸ್ನಾಯುಬಲ ಉಳಿಯಲು ರಕ್ತಕ್ಕೆ ಟೆಸ್ಟೋಸ್ಟೆರಾನ್ ಬೇಕೇ ಬೇಕು, ಅದಕ್ಕೇ ಅದನ್ನೂ ಹೊರಗಿನಿಂದ ಕೊಡುತ್ತಾರೆ.

ಈಗ ಮುಂಚೂಣಿಯಲ್ಲಿರುವುದು ಹಚ್ಚುವ ಜೆಲ್: ದಿನಕ್ಕೆ 8 ಮಿ.ಗ್ರಾಂ. ಸೆಜೆಸ್ಟೆರೋನ್ ಅಸಿಟೇಟ್ (ಒಂದು ಪ್ರೊಜೆಸ್ಟಿನ್), 74 ಮಿ.ಗ್ರಾಂ. ಟೆಸ್ಟೋಸ್ಟೆರಾನ್. ದಿನವೂ ಒಂದೇ ಹೊತ್ತಿಗೆ, ಒಣಗಿದ ಭುಜದ ಚರ್ಮಕ್ಕೆ ಹಚ್ಚಿ, ಆರಿದ ಮೇಲೆ ಅಂಗಿ ತೊಡಬೇಕು. ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಹೆಂಡತಿಯ ಮೈಗೆ ತಾಗುವ ಮುನ್ನ, ಮಗುವನ್ನು ಎತ್ತಿಕೊಳ್ಳುವ ಮುನ್ನ ಆ ಜಾಗವನ್ನೂ ತೊಳೆಯಿರಿ. ಟೆಸ್ಟೋಸ್ಟೆರಾನ್ ಜೆಲ್ ತಾಗಿದ ಮಕ್ಕಳಲ್ಲಿ ಅಕಾಲ ಪ್ರೌಢಿಮೆಯ ಲಕ್ಷಣ ಕಂಡದ್ದುಂಟು, ಇದರಲ್ಲಿ ಉದಾಸೀನ ಸಲ್ಲ.

ಹೆಚ್ಚಿನವರು ಎಡವುವುದು ಕಾಯುವಲ್ಲಿ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಹಿಡಿಯುತ್ತದೆ. ಇಂದು ಜೆಲ್ ಹಚ್ಚಿದರೂ ಹಳೆಯ ವೀರ್ಯಾಣುಗಳು ವಾರಗಟ್ಟಲೆ ಬರುತ್ತಲೇ ಇರುತ್ತವೆ. ಒಂದು ಮಿ.ಲೀ. ವೀರ್ಯದಲ್ಲಿ 10 ಲಕ್ಷ ವೀರ್ಯಾಣು ಅಥವಾ ಅದಕ್ಕಿಂತ ಕಡಿಮೆ ಎಂಬುದೇ ಗುರಿ. 2024ರಲ್ಲಿ ಪ್ರಕಟಿಸಿದ ಈ ಜೆಲ್ ಪ್ರಯೋಗದ ಫಲಿತಾಂಶದಂತೆ 15 ವಾರಗಳೊಳಗೆ 86% ಗಂಡಸರು ಅಲ್ಲಿಗೆ ಮುಟ್ಟಿದರು. ಉಳಿದವರು? ಅದಕ್ಕಾಗಿಯೇ ಪರೀಕ್ಷೆ ಬೇಕು, ಅಂದಾಜು ಸಾಲದು. 2ರಿಂದ 7 ದಿನ ಸಂಯಮವಿದ್ದು ಮಾದರಿ ಕೊಡಿ. ಸಾಮಾನ್ಯ ಕಾಂಡೋಮಿನಲ್ಲಿ ಹಿಡಿಯಬೇಡಿ, ಮೈಬಿಸಿಯಲ್ಲೇ ಇಟ್ಟು ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ.

ಮೊದಲೇ ಮತ್ತು ನಡುನಡುವೆ ರಕ್ತಪರೀಕ್ಷೆ ಆಗಲಿ: ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) 54% ದಾಟಿದರೆ ನಿಲ್ಲಿಸಬೇಕಾಗುತ್ತದೆ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಇಳಿಯಬಹುದು. ಮೊಡವೆ, ತೂಕ ಹೆಚ್ಚುವುದು ಸಾಮಾನ್ಯ. ಆದರೆ ಮನಸ್ಸು ಕುಗ್ಗಿದರೆ ಅಂದೇ ವೈದ್ಯರಿಗೆ ತಿಳಿಸಿ. ನೊರೆಥಿಸ್ಟೆರೋನ್ ಎನಾಂಥೇಟ್ (ಇನ್ನೊಂದು ಪ್ರೊಜೆಸ್ಟಿನ್) 200 ಮಿ.ಗ್ರಾಂ., ಟೆಸ್ಟೋಸ್ಟೆರಾನ್ ಅಂಡೆಕನೊಯೇಟ್ 1000 ಮಿ.ಗ್ರಾಂ. ಅನ್ನು 8 ವಾರಕ್ಕೊಮ್ಮೆ ಚುಚ್ಚಿದ ಪ್ರಯೋಗದಲ್ಲಿ, ಗರ್ಭ ತಡೆಯುವುದರಲ್ಲಿ ಚೆನ್ನಾಗಿದ್ದರೂ, 2011ರಲ್ಲಿ ಹೊಸ ಚುಚ್ಚುಮದ್ದು ನಿಲ್ಲಿಸಲು ಖಿನ್ನತೆಯೂ ಒಂದು ಕಾರಣವಾಯಿತು.

ಹಚ್ಚುವುದು ತಪ್ಪಿದರೆ ಎಣಿಕೆ ಸದ್ದಿಲ್ಲದೆ ಮೇಲೇರುತ್ತದೆ. ಮತ್ತೆ ಪರೀಕ್ಷೆಯಾಗುವವರೆಗೆ ಕಾಂಡೋಮ್.

ಮಗು ಬೇಕೆಂದಾಗ ನಿಲ್ಲಿಸಿ, ಆದರೆ ಮರುತಿಂಗಳೇ ಆಗಬೇಕೆಂದು ಲೆಕ್ಕ ಹಾಕಬೇಡಿ. ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಮಿ.ಲೀ.ಗೆ 2 ಕೋಟಿ ವೀರ್ಯಾಣುವಿನ ಎಣಿಕೆಗೆ 3.4 ತಿಂಗಳಲ್ಲಿ ಅರ್ಧದಷ್ಟು, 6 ತಿಂಗಳಲ್ಲಿ 67%, ವರ್ಷದಲ್ಲಿ 90% ಮಂದಿ ಮರಳಿದ್ದರು.