ಅಂಚೆ ಡಬ್ಬದ ಮೇಲೆ ಯಾರ ಹೆಸರು? ಲೈಪ್‌ಜಿಗ್‌ನಲ್ಲಿ ನನ್ನ ಮೊದಲ ದಿನಗಳು

ನಾನು ಲೈಪ್‌ಜಿಗ್‌ಗೆ ಬಂದಿಳಿದದ್ದು 2024ರ ಸೆಪ್ಟೆಂಬರ್ 28ರಂದು, ಶನಿವಾರ ಸಂಜೆ. ಜರ್ಮನಿಗೆ ಓದಲು ಹೊರಟವರು ಯಾರೇ ಕೇಳಿದರೂ ನಾನು ಮೊದಲು ಹೇಳುವ ಮಾತು ಇದು: ಶನಿವಾರ ಬರಬೇಡಿ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ನಾನು ಬುಕ್ ಮಾಡಿಬಿಟ್ಟಿದ್ದೆ. ವಿದ್ಯಾರ್ಥಿ ನಿಲಯದ ಒಪ್ಪಂದ ಶುರುವಾಗುವುದು ಅಕ್ಟೋಬರ್ 1ಕ್ಕೆ. ಕೀ ಕೊಡುವವರು ಹೌಸ್‌ಮೈಸ್ಟರ್, ಅಂದರೆ ಇಡೀ ಕಟ್ಟಡ ನೋಡಿಕೊಳ್ಳುವವರು. ಅವರು ಸಿಗುವುದು ವಾರದ ದಿನಗಳಲ್ಲಿ, ಅದೂ ಬೆಳಗಿನ ಕೆಲವು ಗಂಟೆ ಮಾತ್ರ. ಹಾಗಾಗಿ ಮೂರು ರಾತ್ರಿ ರೈಲು ನಿಲ್ದಾಣದ ಹತ್ತಿರ ಎಂಟು ಮಂಚದ ಒಂದು ಕೋಣೆಯಲ್ಲಿ, ಎರಡು ಸೂಟ್‌ಕೇಸಿಗೆ ಸರಪಳಿ ಹಾಕಿಕೊಂಡು ಮಲಗಿದೆ.

ಮರುದಿನ ಭಾನುವಾರ. ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತವೆ ಎಂದು ಓದಿದ್ದೆ. ಆದರೆ ಓದುವುದು ಬೇರೆ, ಹಸಿದ ಹೊಟ್ಟೆಯಲ್ಲಿ ಆ ಖಾಲಿ ಬೀದಿ ನೋಡುವುದು ಬೇರೆ. ಸೂಪರ್ ಮಾರ್ಕೆಟ್‌ಗಳ ಗಾಜಿನ ಬಾಗಿಲ ಹಿಂದೆ ದೀಪವೂ ಇರಲಿಲ್ಲ. ಕೊನೆಗೆ ರೈಲು ನಿಲ್ದಾಣದ ಒಳಗಿನ ಅಂಗಡಿ ತೆರೆದಿತ್ತು. ದೊಡ್ಡ ನಿಲ್ದಾಣಗಳಲ್ಲಿ ಪ್ರಯಾಣಿಕರಿಗಾಗಿ ಕೆಲವು ಅಂಗಡಿಗಳಿಗೆ ಅನುಮತಿ ಇರುತ್ತದೆ. ಲೈಪ್‌ಜಿಗ್ ನಿಲ್ದಾಣ 1915ರಲ್ಲಿ ಕಟ್ಟಿ ಮುಗಿಸಿದ್ದು, ಯುರೋಪಿನ ಅತಿ ದೊಡ್ಡ ನಿಲ್ದಾಣಗಳಲ್ಲಿ ಒಂದು. ಬ್ರೆಡ್, ಬಾಳೆಹಣ್ಣು, ನೀರಿನ ಬಾಟಲಿ ತಗೊಂಡೆ. ಬಾಟಲಿಗೆ 25 ಸೆಂಟ್ ಜಾಸ್ತಿ ಹಿಡಿದಿದ್ದರು. ಅದು ಪ್ಫಾಂಡ್, ಠೇವಣಿ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ದುಡ್ಡು ವಾಪಸ್ ಸಿಗುತ್ತದೆ. ಅಷ್ಟು ಗೊತ್ತಾಗುವ ಮೊದಲೇ ನಾನು ಬಾಟಲಿ ಕಸಕ್ಕೆ ಎಸೆದಾಗಿತ್ತು. ನಲ್ಲಿ ನೀರನ್ನೇ ಧಾರಾಳವಾಗಿ ಕುಡಿಯಬಹುದು ಎಂಬುದೂ ಆಮೇಲೆ ತಿಳಿಯಿತು.

ಆ ಭಾನುವಾರ ಸುಮ್ನೆ ಕೋಣೆಯಲ್ಲಿ ಕೂರಲಿಲ್ಲ, ಅದೊಂದು ಒಳ್ಳೆಯದು ಮಾಡಿದೆ. ನಾನು ಇರಬೇಕಾದ ಮನೆಯನ್ನು ನೋಡಲು ಊರ ನಡುವಿನ ಚೌಕ ಆಗುಸ್ಟುಸ್‌ಪ್ಲಾಟ್ಸ್‌ನಿಂದ ನಡೆದೇ ಹೊರಟೆ. ರಸ್ತೆಯ ಹೆಸರೇ ಒಂದು ತಾರೀಖು: ಶ್ಟ್ರಾಸೆ ಡೆಸ್ 18. ಒಕ್ಟೋಬರ್, ಅಕ್ಟೋಬರ್ 18ರ ರಸ್ತೆ. 1813ರ ಅಕ್ಟೋಬರ್‌ನಲ್ಲಿ ಇದೇ ಊರಿನ ಸುತ್ತ ನಾಲ್ಕು ದಿನ ಯುದ್ಧ ನಡೆದು ನೆಪೋಲಿಯನ್ ಸೋತಿದ್ದ. ರಸ್ತೆಯ ನೇರಕ್ಕೆ ದೂರದಲ್ಲಿ ಆ ಯುದ್ಧದ ಸ್ಮಾರಕ ಕಪ್ಪಗೆ ನಿಂತಿದೆ, 91 ಮೀಟರ್ ಎತ್ತರ. ಆಮೇಲೆ ದಾರಿ ತಪ್ಪಿದಾಗಲೆಲ್ಲ ಆ ಕಪ್ಪು ತಲೆ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಹೊಸ ಊರಲ್ಲಿ ಫೋನ್ ಮ್ಯಾಪ್‌ಗಿಂತ ಮೊದಲು ಇಂಥದ್ದೊಂದು ಗುರುತು ಮಾಡಿಕೊಳ್ಳಬೇಕು. ಬ್ಯಾಟರಿ ಮುಗಿದರೂ ಅದು ಅಲ್ಲೇ ಇರುತ್ತದೆ.

ಮಂಗಳವಾರ ಕೀ ಸಿಕ್ಕಿತು. ಹೌಸ್‌ಮೈಸ್ಟರ್ ಅರವತ್ತರ ಆಸುಪಾಸಿನವರು. ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಜರ್ಮನ್ ಅಷ್ಟಕ್ಕಷ್ಟೇ. ಆದರೂ ಒಂದು ವಿಷಯವನ್ನು ಕೈಸನ್ನೆಯಲ್ಲೇ ಗಟ್ಟಿಯಾಗಿ ತಿಳಿಸಿದರು. ಬಾಗಿಲನ್ನು ಎಳೆದು ಮುಚ್ಚಿ, ಹೊರಗಿನಿಂದ ಹಿಡಿಯನ್ನು ಅಲ್ಲಾಡಿಸಿ ತೋರಿಸಿದರು. ತಿರುಗುವುದೇ ಇಲ್ಲ. ಬಾಗಿಲು ಮುಚ್ಚಿಕೊಂಡರೆ ಕೀ ಇಲ್ಲದೆ ತೆರೆಯುವುದಿಲ್ಲ, ಕಸ ಹಾಕಲು ಹೋದರೂ ಕೀ ಜೇಬಲ್ಲಿರಲಿ ಎಂದರ್ಥ. ಬೀಗ ತೆಗೆಯುವವರನ್ನು ರಾತ್ರಿ ಕರೆಸಿದರೆ ನೂರಾರು ಯೂರೋ ಖರ್ಚು. ಕೀಗೆ ಒಂದು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ. ಒಂದು ತಿಂಗಳು ಹಾಗೇ ಇದ್ದೆ.

ಕೆಳಗೆ ಬಾಗಿಲ ಪಕ್ಕ ಸಾಲಾಗಿ ತಗಡಿನ ಅಂಚೆ ಡಬ್ಬಗಳು. ನನ್ನದರ ಮೇಲೆ ಚೀಟಿ ಇರಲಿಲ್ಲ. ಒಂದು ಕಾಗದದ ತುಂಡಿನ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದು ಟೇಪ್ ಅಂಟಿಸಿ ಮೇಲೆ ಹೋದೆ. ಕೆಲಸ ಮುಗಿಯಿತು ಅಂದುಕೊಂಡೆ. ಮುಂದಿನ ಮೂರು ವಾರದ ಪರದಾಟ ಶುರುವಾಗಿದ್ದೇ ಆ ಚೀಟಿಯಿಂದ.

ಇಲ್ಲಿ ಕಾಗದಪತ್ರದ ಕೆಲಸ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತದೆ. ಮೊದಲನೆಯದು ಆನ್‌ಮೆಲ್ಡುಂಗ್, ವಿಳಾಸ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು ಎಂದು ಕಾನೂನೇ ಇದೆ. ಪಾಸ್‌ಪೋರ್ಟ್ ಬೇಕು, ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ ಬೇಕು. ಬರೀ ಬಾಡಿಗೆ ಒಪ್ಪಂದ ತೋರಿಸಿದರೆ ನಡೆಯುವುದಿಲ್ಲ. ಕಚೇರಿಯಲ್ಲಿ ಸಮಯ ಸಿಗುವುದೇ ಕಷ್ಟ. ನಾನು ಬೆಳಗ್ಗೆ ಏಳು ಗಂಟೆಗೆ ವೆಬ್‌ಸೈಟ್ ತೆರೆದು, ಯಾರೋ ರದ್ದು ಮಾಡಿದ ಸಮಯ ಹಿಡಿಯುತ್ತಾ ಕೂತೆ. ನಾಲ್ಕನೇ ದಿನ ಸಿಕ್ಕಿತು, ಅಕ್ಟೋಬರ್ 8ಕ್ಕೆ. ಅಲ್ಲಿನ ಹೆಂಗಸು ತಾಳ್ಮೆಯಿಂದ ಎಲ್ಲ ತುಂಬಿಸಿದರು. ಅರ್ಜಿಯಲ್ಲಿ ಧರ್ಮ ಯಾವುದು ಎಂಬ ಜಾಗ ನೋಡಿ ನನಗೆ ಗಲಿಬಿಲಿಯಾಯಿತು. ಅದು ಚರ್ಚ್ ತೆರಿಗೆಗಾಗಿ ಕೇಳುವುದಂತೆ. ಹತ್ತೇ ನಿಮಿಷದಲ್ಲಿ ಮುದ್ರೆ ಹಾಕಿದ ಹಾಳೆ ಕೈಗೆ ಬಂತು.

ಅಲ್ಲಿ ಅವರು ನನ್ನನ್ನು "ಫ್ರೌ", ಅಂದರೆ ಶ್ರೀಮತಿ, ಎಂದು ಕರೆದು, ಪಕ್ಕದಲ್ಲಿ ನನ್ನ ಅಪ್ಪನ ಹೆಸರು ಸೇರಿಸಿದರು. ನಾನು ತಿರುಗಿ ನೋಡಲೇ ಇಲ್ಲ. ಎರಡನೇ ಸಲ ಕರೆದಾಗ ಹೊಳೆಯಿತು. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಎಂಬ ಜಾಗದಲ್ಲಿ ಇರುವುದು ಅಪ್ಪನ ಹೆಸರು. ನಮ್ಮಲ್ಲಿ ಎಷ್ಟೋ ಜನರದ್ದು ಹಾಗೇ ಇದೆ, ಅಲ್ವಾ? ಅವತ್ತು ಅದು ಚೆಂದ ಅನ್ನಿಸಿತು, ಅಷ್ಟೇ. ಕೆಳಗಿನ ಡಬ್ಬದ ಚೀಟಿ ನೆನಪಾಗಲಿಲ್ಲ.

ಬ್ಯಾಂಕ್ ಖಾತೆಯನ್ನು ಮೊದಲ ವಾರವೇ ತೆರೆದಿದ್ದೆ. ವೀಸಾಗೆಂದು ಶ್ಪೆರ್‌ಕಾಂಟೋ, ಅಂದರೆ ತಡೆಹಿಡಿದ ಖಾತೆಯಲ್ಲಿ, ಒಂದು ವರ್ಷಕ್ಕೆ 11,904 ಯೂರೋ ಇಟ್ಟು ಬಂದಿದ್ದೆ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಇಲ್ಲಿನ ಖಾತೆಗೆ ಬರುತ್ತಿತ್ತು. ದುಡ್ಡು ಬಂತು. ತೆಗೆಯಲು ಕಾರ್ಡ್ ಬರಲಿಲ್ಲ. ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ, ಬೇರೆ ಬೇರೆ ದಿನ ಅಂಚೆಯಲ್ಲಿ ಬರಬೇಕು. ವಿಮಾ ಕಂಪನಿಯ ಕಾರ್ಡೂ ಅಂಚೆಯಲ್ಲೇ. ಕೆಲಸಕ್ಕೆ ಸೇರಲು ಬೇಕಾದ 11 ಅಂಕಿಯ ತೆರಿಗೆ ಸಂಖ್ಯೆಯೂ ಅಂಚೆಯಲ್ಲೇ. ದಿನಾ ಸಂಜೆ ಡಬ್ಬ ತೆಗೆದು ನೋಡುತ್ತಿದ್ದೆ. ಪಿಜ್ಜಾ ಅಂಗಡಿಯ ಕರಪತ್ರ ಬಿಟ್ಟರೆ ಏನೂ ಇರುತ್ತಿರಲಿಲ್ಲ. ತಂದಿದ್ದ ನಗದು ಕರಗುತ್ತಿತ್ತು. ಪಾಠ ಶುರುವಾಗಿತ್ತು, ಹೊರಗೆ ಚಳಿ ಏರುತ್ತಿತ್ತು. ಈ ಊರಿಗೆ ನಾನು ಬಂದದ್ದು ಯಾರಿಗೂ ಗೊತ್ತೇ ಇಲ್ಲವೇನೋ ಎಂದು ರಾತ್ರಿ ಅನ್ನಿಸುತ್ತಿತ್ತು.

ಆ ದಿನಗಳಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದ್ದು ಅಕ್ಟೋಬರ್ 9ರ ಸಂಜೆ. ವಿಶ್ವವಿದ್ಯಾಲಯದಿಂದ ಹೊರಬಂದರೆ ನಿಕೊಲಾಯ್ ಚರ್ಚ್ ಕಡೆ ಜನ ಮೇಣದಬತ್ತಿ ಹಿಡಿದು ಹೋಗುತ್ತಿದ್ದರು. 1989ರಲ್ಲಿ ಅದೇ ದಿನ ಸುಮಾರು 70,000 ಜನ ಆಗಿನ ಪೂರ್ವ ಜರ್ಮನಿಯ ಸರ್ಕಾರದ ವಿರುದ್ಧ ಈ ಊರಿನ ರಿಂಗ್ ರಸ್ತೆಯಲ್ಲಿ ನಡೆದಿದ್ದರು. ಪೊಲೀಸರು ಗುಂಡು ಹಾರಿಸುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು. ಗುಂಡು ಹಾರಲಿಲ್ಲ. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೆಯಿತು. ಪ್ರತಿ ವರ್ಷ ಆ ಸಂಜೆ ಊರು ದೀಪ ಹಚ್ಚುತ್ತದೆ. ಒಬ್ಬ ಅಜ್ಜಿ ನನ್ನ ಖಾಲಿ ಕೈ ನೋಡಿ, ಚೀಲದಿಂದ ಇನ್ನೊಂದು ಬತ್ತಿ ತೆಗೆದು, ತನ್ನದರಿಂದ ಹಚ್ಚಿ ಕೊಟ್ಟರು. ಗಾಳಿಗೆ ಆರದಂತೆ ಕಾಗದದ ಲೋಟದ ತಳ ತೂತು ಮಾಡಿ ಅದರೊಳಗೆ ಬತ್ತಿ ಸಿಕ್ಕಿಸಿದ್ದರು. "ಡಾಂಕೆ" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಭಾಷೆ ಇರಲಿಲ್ಲ. ಅವರ ಪಕ್ಕದಲ್ಲೇ ನಿಂತೆ. ಮರುದಿನವೇ ವಿಶ್ವವಿದ್ಯಾಲಯದ ಜರ್ಮನ್ ತರಗತಿಗೆ ಹೆಸರು ಕೊಟ್ಟೆ. ನನ್ನ ಕೋರ್ಸ್ ಪೂರ್ತಿ ಇಂಗ್ಲಿಷಿನಲ್ಲೇ ಇದೆ, ಆದರೆ ಈ ಊರಿನ ಬದುಕು ಇಂಗ್ಲಿಷಿನಲ್ಲಿಲ್ಲ.

ಮೂರನೇ ವಾರ ಬ್ಯಾಂಕಿಗೆ ಫೋನ್ ಮಾಡಿದೆ. ಪತ್ರಗಳು ವಾಪಸ್ ಬಂದಿವೆ, ಆ ವಿಳಾಸದಲ್ಲಿ ಆ ಹೆಸರಿನವರು ಇಲ್ಲವಂತೆ ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಪಾಸ್‌ಪೋರ್ಟ್, ಒಪ್ಪಂದ ಎಲ್ಲ ಹಿಡಿದುಕೊಂಡು ಹೌಸ್‌ಮೈಸ್ಟರ್ ಹತ್ತಿರ ಓಡಿದೆ. ಅವರು ಏನೂ ಮಾತಾಡದೆ ನನ್ನನ್ನು ಡಬ್ಬದ ಮುಂದೆ ನಿಲ್ಲಿಸಿದರು. ಪಾಸ್‌ಪೋರ್ಟ್ ತೆರೆದು ಸರ್‌ನೇಮ್ ಮೇಲೆ ಬೆರಳಿಟ್ಟರು. ಆಮೇಲೆ ನನ್ನ ಚೀಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಅಕ್ಕಪಕ್ಕದ ಡಬ್ಬಗಳನ್ನು ಒಂದೊಂದಾಗಿ ತಟ್ಟಿ ತೋರಿಸಿದರು. ಎಲ್ಲದರ ಮೇಲೂ ಇದ್ದದ್ದು ಸರ್‌ನೇಮ್. ನನ್ನದರ ಮೇಲೆ ಮಾತ್ರ ಮನೆಯಲ್ಲಿ ಕರೆಯುವ ಹೆಸರು. ಅಂಚೆಯವರು ಮೂರು ವಾರ ಅಪ್ಪನನ್ನು ಹುಡುಕಿ ಹುಡುಕಿ ಹೋಗಿದ್ದರು. ಇಲ್ಲಿ ಪತ್ರ ಬರುವುದು ಕೋಣೆ ಸಂಖ್ಯೆಗಲ್ಲ, ಡಬ್ಬದ ಮೇಲಿನ ಹೆಸರಿಗೆ.

ಅವರು ನನ್ನ ಟೇಪನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದರು. ಅಂಟು ಉಳಿದಿತ್ತು, ಅದನ್ನೂ ಬಟ್ಟೆಯಿಂದ ಒರೆಸಿದರು. ತಮ್ಮ ಕೋಣೆಯ ಪುಟ್ಟ ಯಂತ್ರದಲ್ಲಿ ಒಂದೊಂದೇ ಅಕ್ಷರ ಒತ್ತಿ, ಪಾಸ್‌ಪೋರ್ಟ್ ನೋಡಿಕೊಂಡು, ಎರಡು ಪಟ್ಟಿ ಮುದ್ರಿಸಿದರು. ನನ್ನ ಹೆಸರು, ಆಮೇಲೆ ಅಪ್ಪನದು. ಒಂದು ಡಬ್ಬಕ್ಕೆ, ಒಂದು ಕರೆಗಂಟೆಗೆ. ನೀವು ಬರುವಾಗಲೂ ಇದನ್ನೇ ಮೊದಲು ಮಾಡಿ. ಸೂಟ್‌ಕೇಸ್ ಬಿಚ್ಚುವುದಕ್ಕಿಂತ ಮೊದಲು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರವೂ ಹೆಚ್ಚುಕಡಿಮೆ ಆಗದಂತೆ.

ಮುಂದಿನ ವಾರ ಡಬ್ಬ ತುಂಬಿತು. ಕಾರ್ಡ್ ಬಂತು, ಎರಡು ದಿನ ಬಿಟ್ಟು ಪಿನ್ ಬಂತು, ವಿಮೆಯದು ಬಂತು, ತೆರಿಗೆ ಸಂಖ್ಯೆ ಬಂತು. ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಿ ಎಂಬ ಪತ್ರವೂ ಬಂತು. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ಅದನ್ನು ಕಟ್ಟಲೇಬೇಕು. ಆ ಪತ್ರ ಬಂದದ್ದಕ್ಕೂ ಖುಷಿಯಾಯಿತು. ಲಕೋಟೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಅಪ್ಪನಿಗೆ ವಿಡಿಯೋ ಕರೆ ಮಾಡಿದೆ. ಇಲ್ಲಿ ಎಲ್ಲರೂ ನನ್ನನ್ನು ನಿಮ್ಮ ಹೆಸರಿಂದಲೇ ಕರೀತಾರೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಡಬ್ಬದ ಫೋಟೋ ಕಳಿಸು ಅಂದರು. ಕೆಳಗಿಳಿದು ತೆಗೆದು ಕಳಿಸಿದೆ.

"ನಿನ್ನ ಹೆಸರೂ ಇದೆ ತಾನೇ?" ಅಂತ ಕೇಳಿದರು.

"ಇದೆ ಅಪ್ಪ, ನಿಮ್ಮದರ ಮುಂದೇನೇ ಇದೆ" ಅಂದೆ.