ಬಿಸಿಯಾಗುವವರೆಗೆ ಕಾಯುವುದು: ಹೊಸ ಸ್ಪೋರ್ಟ್ಸ್ ಕಾರಿನ ಮೊದಲ 3000 ಕಿ.ಮೀ.

ಕಾರು ಕೈಸೇರಿದ ದಿನ ನನಗೆ ಸಿಕ್ಕ ವಿವರಣೆಯೆಲ್ಲ ಫೋನನ್ನು ಜೋಡಿಸುವುದು ಹೇಗೆ, ಪರದೆಯ ನೋಟವನ್ನು ಬದಲಿಸುವುದು ಹೇಗೆ ಎಂಬುದರಲ್ಲೇ ಮುಗಿದುಹೋಯಿತು. ನಿಜವಾಗಿ ತಿಳಿದಿರಬೇಕಾದ ಸಂಗತಿ ಕೈಪಿಡಿಯ ಒಂದು ಸಣ್ಣ ಭಾಗದಲ್ಲಿತ್ತು. ಮೊದಲ 300 ಕಿ.ಮೀ.ವರೆಗೆ ಗಕ್ಕನೆ ಬ್ರೇಕ್ ಹಾಕಬಾರದು. ಮೊದಲ 1600 ಕಿ.ಮೀ.ವರೆಗೆ ಅತಿವೇಗದಲ್ಲಿ ಓಡಿಸಬಾರದು, ಒಮ್ಮೆಗೇ ಆಕ್ಸಿಲರೇಟರ್ ಒತ್ತಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಸಾಗಬಾರದು ಎಂದು ಅಲ್ಲಿ ಬರೆದಿತ್ತು. ವೇಗಕ್ಕೆಂದೇ ಕೊಂಡ ಕಾರನ್ನು ವೇಗವಾಗಿ ಓಡಿಸಬಾರದು ಎಂಬ ಈ ನಿಯಮ ಮೊದಲಿಗೆ ನನಗೆ ಶಿಕ್ಷೆಯಂತೆ ಕಂಡಿತು.

ನಾನು ಕೊಂಡದ್ದು ಟೊಯೋಟಾ ಜಿಆರ್86, ಆರು ಗೇರುಗಳ ಮ್ಯಾನ್ಯುಯಲ್. ಟೊಯೋಟಾ ಮತ್ತು ಸುಬಾರು ಒಟ್ಟಾಗಿ ರೂಪಿಸಿದ ಈ ಕಾರಿನ ಎಂಜಿನ್ ಸುಬಾರುವಿನದು. ಎರಡು ಪಿಸ್ಟನ್‌ಗಳು ಒಂದು ಬದಿಗೆ, ಎರಡು ಇನ್ನೊಂದು ಬದಿಗೆ ಮಲಗಿರುವ 2387 ಸಿ.ಸಿ. ಬಾಕ್ಸರ್ ಎಂಜಿನ್ ಅದು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಸುಬಾರು ತನ್ನ ಗ್ರಾಹಕರಿಗೆ ಮೊದಲ 1600 ಕಿ.ಮೀ.ವರೆಗೆ ಹೇಳುವ 4000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಮಿತಿಯನ್ನೇ ನಾನೂ ಹಾಕಿಕೊಂಡೆ. ಪೋರ್ಷ ಕಾರುಗಳಿಗೆ ಈ ಅವಧಿ 3000 ಕಿ.ಮೀ., ಬಿಎಂಡಬ್ಲ್ಯುವಿನ ವೇಗದ ‘ಎಂ’ ಮಾದರಿಗಳಿಗೆ 2000 ಕಿ.ಮೀ. ಎಂದು ತಿಳಿದಾಗ ನನ್ನ ಪಾಡೇ ವಾಸಿ ಎನಿಸಿತು.

ಈ ಸಂಯಮ ಏಕೆ ಬೇಕೆಂದು ತಿಳಿದ ಮೇಲೆ ಅದನ್ನು ಪಾಲಿಸುವುದು ಸುಲಭವಾಯಿತು. ಪಿಸ್ಟನ್ ಓಡಾಡುವ ಹೊಸ ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಕೊರೆದಿರುತ್ತಾರೆ. ಆ ಗೀರುಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಉಬ್ಬುಗಳು ಪಿಸ್ಟನ್ ರಿಂಗುಗಳ ಉಜ್ಜಾಟಕ್ಕೆ ಸವೆಯುತ್ತಾ ಎರಡೂ ಮೇಲ್ಮೈಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ರಿಂಗುಗಳನ್ನು ಗೋಡೆಗೆ ಒತ್ತಿ ಹಿಡಿಯುವುದರಲ್ಲಿ ಇಂಧನ ಉರಿದಾಗ ಹುಟ್ಟುವ ಒತ್ತಡದ ಪಾಲು ದೊಡ್ಡದು. ಆದ್ದರಿಂದ ಹೊಸ ಎಂಜಿನ್ನನ್ನು ಚಚ್ಚುವುದು ಎಷ್ಟು ತಪ್ಪೋ, ಮೊಟ್ಟೆಯನ್ನು ಒಯ್ಯುವಂತೆ ಒಂದೇ ಮಂದ ವೇಗದಲ್ಲಿ ಒಯ್ಯುವುದೂ ಹೆಚ್ಚುಕಡಿಮೆ ಅಷ್ಟೇ ತಪ್ಪು. ನಾನು ಏರಿಳಿತಗಳಿರುವ ದಾರಿಗಳನ್ನು ಆರಿಸಿಕೊಂಡು, ಮೂರನೆಯ ಮತ್ತು ನಾಲ್ಕನೆಯ ಗೇರಿನಲ್ಲಿ 2000ದಿಂದ 4000 ಆರ್‌ಪಿಎಂವರೆಗೆ ಮಧ್ಯಮ ಒತ್ತಡದಲ್ಲಿ ಏರಿಸಿ, ಬಳಿಕ ಕಾಲು ಪೂರ್ತಿ ತೆಗೆದು ಎಂಜಿನ್ನಿನ ಹಿಡಿತದಲ್ಲೇ ವೇಗ ಇಳಿಯಲು ಬಿಡುತ್ತಿದ್ದೆ. ನೇರವಾದ ಹೆದ್ದಾರಿಯನ್ನು ಆದಷ್ಟು ದೂರವಿಟ್ಟೆ.

ಈ ಮಿತಿಯೊಳಗೂ ಕಾರು ಬೇಸರ ತರಿಸಲಿಲ್ಲ ಎಂಬುದು ನನಗೇ ಅಚ್ಚರಿ ತಂದಿತು. ಕಾರಣ ಅಂಕಿಗಳಲ್ಲಿದೆ. ಇದರ ಗರಿಷ್ಠ ಟಾರ್ಕ್, ಎಂದರೆ ತಿರುಗಿಸುವ ಬಲ, 250 ನ್ಯೂಟನ್ ಮೀಟರ್, ಅದು ಸಿಗುವುದು 3700 ಆರ್‌ಪಿಎಂನಲ್ಲಿ. ಎಂದರೆ ನನ್ನ 4000ದ ಗಡಿಯೊಳಗೇ. ಹಿಂದಿನ ತಲೆಮಾರಿನ 86 ಕಾರಿನಲ್ಲಿ ಎರಡು ಲೀಟರಿನ ಎಂಜಿನ್ ಇತ್ತು, ಅದರ 205 ನ್ಯೂಟನ್ ಮೀಟರ್ ಪೂರ್ತಿಯಾಗಿ ದೊರೆಯುತ್ತಿದ್ದುದು 6400 ದಾಟಿದ ಮೇಲೆ. ಆ ಕಾರನ್ನು 4000ಕ್ಕೆ ಕಟ್ಟಿಹಾಕಿ 1600 ಕಿ.ಮೀ. ಓಡಿಸಿದವರ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಆ ದಿನಗಳಲ್ಲಿ ವೇಗಸೂಚಕಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಆಯಿಲ್ಲಿನ ಉಷ್ಣತೆಯನ್ನು. ನನ್ನ ಹಳೆಯ ಕಾರಿನಲ್ಲಿ ಇದ್ದದ್ದು ನೀರಿನ ಉಷ್ಣತೆಯ ಮುಳ್ಳು ಮಾತ್ರ. ಅದು ನಡುವಿಗೆ ಬಂದರೆ ಎಂಜಿನ್ ಬಿಸಿಯಾಯಿತೆಂದೇ ನಾನು ತಿಳಿದಿದ್ದೆ. ಇಲ್ಲಿ ಎರಡೂ ಅಂಕಿಗಳು ಕಾಣುತ್ತವೆ, ಹಾಗಾಗಿ ಆ ನಂಬಿಕೆ ಮೊದಲ ವಾರದಲ್ಲೇ ಮುರಿದುಬಿತ್ತು. ನೀರು 85 ಡಿಗ್ರಿ ದಾಟಿದಾಗ ಆಯಿಲ್ ಇನ್ನೂ 50ರ ಆಸುಪಾಸಿನಲ್ಲಿ ಇರುತ್ತಿತ್ತು. ಅದು 80 ಮುಟ್ಟಲು ನನಗೆ ಸಾಮಾನ್ಯವಾಗಿ ಹತ್ತು ಹನ್ನೆರಡು ಕಿ.ಮೀ. ಬೇಕಾಗುತ್ತಿತ್ತು. ನಿಲ್ಲಿಸಿದಲ್ಲೇ ಎಂಜಿನ್ ಚಾಲೂ ಇಟ್ಟು ಬಿಸಿಮಾಡುವ ಪ್ರಯತ್ನವನ್ನು ಒಮ್ಮೆ ಮಾಡಿ ಕೈಬಿಟ್ಟೆ. ಕಾಲು ಗಂಟೆ ಕಳೆದರೂ ಆಯಿಲ್ ಬೇಕಾದಷ್ಟು ಬಿಸಿಯಾಗಲಿಲ್ಲ, ಗೇರುಪೆಟ್ಟಿಗೆ ಮತ್ತು ಟೈರುಗಳಂತೂ ಇದ್ದ ಹಾಗೇ ತಣ್ಣಗಿದ್ದವು. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಹೊರಟು, ಮೊದಲ ಹತ್ತು ಕಿ.ಮೀ.ಗಳನ್ನು 3000 ಆರ್‌ಪಿಎಂ ಮೀರದೆ ಸಾಗುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಗೇರುಪೆಟ್ಟಿಗೆಗೂ ಇದೇ ಮಾತು. ಬೆಳಗಿನ ತಂಪಿನಲ್ಲಿ ಒಂದರಿಂದ ಎರಡಕ್ಕೆ ಹಾಕುವಾಗ ಗೇರುಕೋಲು ಹಟ ಹಿಡಿದಂತೆ ತಡೆಯುತ್ತಿತ್ತು. ತಣ್ಣಗಿರುವ ಗೇರ್ ಆಯಿಲ್ ಮಂದವಾಗಿರುತ್ತದೆ, ತಿರುಗುವ ಹಲ್ಲುಗಳ ವೇಗವನ್ನು ಹೊಂದಿಸುವ ಸಿಂಕ್ರೊ ಉಂಗುರಗಳಿಗೆ ಆ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಬೇಕಾಗುತ್ತದೆ. ಒತ್ತಿ ನೂಕುವ ಬದಲು ಅರೆಕ್ಷಣ ಕಾದರೆ ಕೋಲು ತಾನಾಗಿ ಒಳಗೆ ಜಾರುತ್ತದೆ. ಗೇರು ಇಳಿಸುವಾಗ ಕ್ಲಚ್ ಒತ್ತಿರುವಂತೆಯೇ ಆಕ್ಸಿಲರೇಟರನ್ನು ಚೂರು ತಟ್ಟಿ ಎಂಜಿನ್ನಿನ ವೇಗವನ್ನು ಹೊಂದಿಸುವ ಅಭ್ಯಾಸವನ್ನು ನಾನು ಈ ಅವಧಿಯಲ್ಲೇ ಕಲಿತೆ. ಬಲಗಾಲಿನ ಮುಂಭಾಗ ಬ್ರೇಕಿನ ಮೇಲೆ, ಅಂಚು ಆಕ್ಸಿಲರೇಟರಿನ ಮೇಲೆ ಇರಬೇಕಾದ ಆ ಕಸರತ್ತು ದಪ್ಪ ಅಡಿಯ ಷೂ ಹಾಕಿದ ದಿನ ಒಮ್ಮೆಯೂ ಸರಿಬರಲಿಲ್ಲ. ತೆಳ್ಳನೆಯ ಅಡಿಯ ಹಳೆಯ ಜೋಡಿಯೊಂದು ಈಗ ಕಾರಿನಲ್ಲೇ ಇರುತ್ತದೆ.

ಟೈರಿನ ಪಾಠವನ್ನು ಮಾತ್ರ ನಾನು ಹೆದರಿ ಕಲಿತೆ. ಹೊಸ ಟೈರಿನ ಮೇಲ್ಪದರದಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ದ್ರವ್ಯದ ಅಂಶ ಉಳಿದಿರುತ್ತದೆ, ಅದು ಸವೆದುಹೋಗಲು ಕೆಲವು ನೂರು ಕಿ.ಮೀ. ಬೇಕು. ಜೊತೆಗೆ ಇಂಥ ಕಾರುಗಳಿಗೆ ಹಾಕುವ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿಗಿದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಇವೆರಡನ್ನೂ ಓದಿ ತಿಳಿದಿದ್ದೆ. ಆದರೂ ಐದನೆಯ ದಿನ, ಮಳೆ ಆಗಷ್ಟೇ ನಿಂತಿದ್ದ ತಣ್ಣನೆಯ ಮುಂಜಾನೆ, ಒಂದು ವೃತ್ತವನ್ನು ಬಳಸಿ ಹೊರಬರುವಾಗ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ತುಸು ಅವಸರದಿಂದ ಒತ್ತಿದೆ. ಹಿಂಬದಿ ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು. ಸ್ಟೀರಿಂಗನ್ನು ಸರಿಯುವ ಕಡೆಗೇ ತಿರುಗಿಸಬೇಕೆಂಬುದು ನನಗೆ ನೆನಪಾಗುವ ಮೊದಲೇ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣವು ಎಂಜಿನ್ನಿನ ಬಲವನ್ನು ತಗ್ಗಿಸಿ, ಬೇಕಾದ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೇರ ಮಾಡಿತ್ತು. ಎಚ್ಚರಿಕೆಯ ದೀಪ ಮಿನುಗಿ ಆರಿತು. ನನ್ನ ಕೈ ನಡುಕ ಆರಲು ಇನ್ನಷ್ಟು ದೂರ ಬೇಕಾಯಿತು. ಹಿಂದಿನ ಚಕ್ರಗಳು ತಳ್ಳುವ ಕಾರು, ಹೊಸ ಟೈರು, ಚಳಿ, ನೀರು, ಹೊಸ ಚಾಲಕ ಎಂಬ ಐದೂ ಒಂದೇ ತಿರುವಿನಲ್ಲಿ ಕೂಡಿಬಂದಿದ್ದವು. ಆ ನಿಯಂತ್ರಣವನ್ನು ಆಫ್ ಮಾಡುವ ಗುಂಡಿ ಗೇರುಕೋಲಿನ ಹತ್ತಿರವೇ ಇದೆ. ಸಾರ್ವಜನಿಕ ರಸ್ತೆಯಲ್ಲಿ ಅದನ್ನು ನಾನು ಇಂದಿಗೂ ಮುಟ್ಟಿಲ್ಲ.

ಗಾಳಿಯ ಒತ್ತಡವನ್ನು ಅಳೆಯುವ ಗೇಜನ್ನು ಆ ವಾರವೇ ಕೊಂಡೆ. ಉಷ್ಣತೆ 10 ಡಿಗ್ರಿ ಏರಿದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬಾಗಿಲ ಚೌಕಟ್ಟಿನ ಮೇಲಿರುವ ಅಂಕಿ ತಣ್ಣನೆಯ ಟೈರಿಗೆ ಹೇಳಿದ್ದು. ಓಡಿಸಿ ಬಂದು ಬಿಸಿಯಿರುವಾಗಲೇ ಅಳೆದು ಗಾಳಿ ಇಳಿಸಿದರೆ ಮರುದಿನ ಬೆಳಿಗ್ಗೆ ಒತ್ತಡ ಕಡಿಮೆಯಾಗಿರುತ್ತದೆ. ಈ ತಪ್ಪನ್ನೂ ನಾನು ಒಮ್ಮೆ ಮಾಡಿದ್ದೇನೆ.

ದಿನಬಳಕೆಯ ತೊಡಕುಗಳು ಎಣಿಸಿದ್ದಕ್ಕಿಂತ ಕಡಿಮೆ. ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಇಳಿಜಾರಿನಲ್ಲಿ ಮುಂಭಾಗದ ಬಂಪರಿನ ಕೆಳತುಟಿ ಒಮ್ಮೆ ಕರಕರ ಎಂದಿತು. ಅಂದಿನಿಂದ ಇಳಿಜಾರುಗಳನ್ನು ನೇರವಾಗಿ ಅಲ್ಲದೆ ಓರೆಯಾಗಿ ಹತ್ತಿ ಇಳಿಯುತ್ತೇನೆ. ಹಿಂದಿನ ಸೀಟು ಚೀಲಗಳಿಗೆ ಸಾಕು, ಮನುಷ್ಯರ ಮೊಣಕಾಲಿಗೆ ಸಾಲದು. ಮೊದಲ ಬಾರಿ ಪಕ್ಕದಲ್ಲಿ ಕುಳಿತು ಬಂದ ಅಕ್ಕ, ಬಾಗಿಲ ಚೌಕಟ್ಟನ್ನು ಹಿಡಿದು ಹೊರಬರುತ್ತಾ, “ಇದು ಇಳಿಯುವ ಕಾರಲ್ಲ ಕಣೋ, ಏಳುವ ಕಾರು” ಎಂದಳು. ಎಂಜಿನ್ನಿನ ದನಿಯ ಒಂದು ಪಾಲು ಸ್ಪೀಕರುಗಳಿಂದ ಬರುತ್ತದೆ ಎಂಬುದನ್ನು ನಾನು ಅವಳಿಗೆ ಈವರೆಗೆ ಹೇಳಿಲ್ಲ.

1600 ಕಿ.ಮೀ. ತುಂಬಿದಾಗ ಆಯಿಲ್ ಮತ್ತು ಫಿಲ್ಟರನ್ನು ಬದಲಿಸಿದೆ. ಕೈಪಿಡಿ ಅದನ್ನು ಕಡ್ಡಾಯ ಮಾಡಿಲ್ಲ, ಬಲ್ಲವರಲ್ಲೂ ಈ ಬಗ್ಗೆ ಒಮ್ಮತವಿಲ್ಲ. ಆದರೆ ಬಿಸಿಲಿಗೆ ಹಿಡಿದ ಹಳೆಯ ಆಯಿಲ್ಲಿನಲ್ಲಿ ಬೆಳ್ಳಿಯ ಪುಡಿಯಂಥ ಹೊಳಪನ್ನು ಕಂಡ ಮೇಲೆ, ಆ ಖರ್ಚು ನನಗೆ ದಂಡವೆನಿಸಲಿಲ್ಲ. ಬಳಿಕವೂ ಒಮ್ಮೆಗೇ ಕಡಿವಾಣ ಬಿಡದೆ, ವಾರಕ್ಕೆ 500ರಂತೆ ಆರ್‌ಪಿಎಂ ಮಿತಿಯನ್ನು ಏರಿಸಿದೆ. ಗರಿಷ್ಠ ಶಕ್ತಿ ಸಿಗುವ 7000ವನ್ನು ಮೊದಲು ಮುಟ್ಟಿದ್ದು 2400 ಕಿ.ಮೀ. ಆದ ಮೇಲೆ, ಸಾರ್ವಜನಿಕರಿಗೆ ತೆರೆದಿದ್ದ ಒಂದು ಟ್ರ್ಯಾಕಿನಲ್ಲಿ.

ಅಲ್ಲಿಯೂ ನನ್ನನ್ನು ತಡೆದದ್ದು ಬಿಸಿಯೇ, ಈ ಸಲ ಅದರ ಅತಿಯಿಂದ. ನಾಲ್ಕನೆಯ ಸುತ್ತಿಗೆ ಬ್ರೇಕ್ ಪೆಡಲ್ ಎಂದಿಗಿಂತ ಆಳಕ್ಕೆ ಇಳಿಯತೊಡಗಿತು. ವೇಗ ಎರಡು ಪಟ್ಟಾದರೆ ಚಲನೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ, ನಿಲ್ಲಿಸುವಾಗ ಅದರ ಹೆಚ್ಚಿನ ಪಾಲು ಬ್ರೇಕ್ ಡಿಸ್ಕುಗಳಲ್ಲಿ ಶಾಖವಾಗುತ್ತದೆ; ನಾನಾದರೋ ತಿರುವಿಗೆ ಬಹಳ ಮೊದಲೇ ಬ್ರೇಕ್ ಒತ್ತಿ, ಬಹಳ ಹೊತ್ತು ಒತ್ತಿಕೊಂಡೇ ಇದ್ದು, ಅವುಗಳಿಗೆ ಆರಲು ಬಿಡುವನ್ನೇ ಕೊಟ್ಟಿರಲಿಲ್ಲ. ಒಂದು ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಮುಗಿಸಿ ಹೊರಬಂದು, ಕಾದ ಬ್ರೇಕುಗಳು ಕಚ್ಚಿ ನಿಲ್ಲದಂತೆ ಹ್ಯಾಂಡ್‌ಬ್ರೇಕ್ ಹಾಕದೆ, ಗೇರಿನಲ್ಲಿಟ್ಟು ನಿಲ್ಲಿಸಿದೆ. ಮುಂದಿನ ಸರದಿಯಲ್ಲಿ ತಡವಾಗಿ, ಗಟ್ಟಿಯಾಗಿ, ಕಡಿಮೆ ಹೊತ್ತು ಒತ್ತುವುದನ್ನು ಅಭ್ಯಾಸ ಮಾಡಿದಾಗ ಪೆಡಲ್ ಕೊನೆಯವರೆಗೂ ಗಟ್ಟಿಯಾಗಿಯೇ ಉಳಿಯಿತು.

ಈಗ 3000 ಕಿ.ಮೀ. ದಾಟಿದೆ. ನನ್ನ ಕೆಲಸದ ಜಾಗ ಮನೆಯಿಂದ ನಾಲ್ಕೇ ಕಿ.ಮೀ. ದೂರ. ಅಷ್ಟು ಕಿರುದಾರಿಯಲ್ಲಿ ಆಯಿಲ್ ಬಿಸಿಯಾಗುವುದಿಲ್ಲ, ಅದರಲ್ಲಿ ಸೇರಿಕೊಂಡ ತೇವ ಮತ್ತು ಪೆಟ್ರೋಲಿನ ಅಂಶ ಆವಿಯಾಗಿ ಹೋಗುವುದಿಲ್ಲ. ಆದ್ದರಿಂದ ಸಂಜೆ ಬರುವಾಗ ಹದಿನಾಲ್ಕು ಕಿ.ಮೀ. ಸುತ್ತಿನ ದಾರಿ ಹಿಡಿಯುತ್ತೇನೆ. ಇದು ಎಂಜಿನ್ನಿನ ಆರೋಗ್ಯಕ್ಕಾಗಿ ಎಂದು ನಾನು ಹೇಳಿದರೆ, ಹಾಗಾದರೆ ಕಚೇರಿಗೆ ನಡೆದೇ ಹೋಗಬಹುದಲ್ಲ ಎಂದು ಅಕ್ಕ ಕೇಳುತ್ತಾಳೆ.